ಗೀಜಗನ ಗೂಡಿಗೆ ಮೆತ್ತಿದ ಕೆಸರು

ಕೆರೆಯಂಚಿನ ಈಚಲು ಮರದಲ್ಲಿ ಗೀಜಗನೊಬ್ಬ ಊರ ಹಕ್ಕಿಗಳಿಗೆಲ್ಲ ಗೂಡು ನೇಯ್ದು ಕೊಡುವ ಕಸುಬು ನಡೆಸುತ್ತಿದ್ದ. ಆಷಾಢದ ಗಾಳಿ ಬೀಸಿತೆಂದರೆ ಗೂಡುಗಳು ಮಗುಚಿ ಮೊಟ್ಟೆಗಳು ಕೆರೆಯ ಪಾಲಾಗುತ್ತಿದ್ದವು. ಗಿರಾಕಿಗಳು ಅವನ ಮರದತ್ತ ತಲೆ ಹಾಕುವುದನ್ನೇ ಬಿಟ್ಟರು. ದೂರದ ಬೆಟ್ಟದಿಂದ ಗಡುಸು ಹುಲ್ಲು ತರಿಸಿ ನೇಯ್ದು ನೋಡಿದ. ಆ ಗೂಡೂ ಮಗುಚಿತು.

“ನನ್ನಲ್ಲಿ ಕಲಿತ ಮರಿಗಳನ್ನು ಕೆಲಸಕ್ಕೆ ತೆಗೆದುಕೊಳ್ಳಿ,” ಎಂದರು ಕೆರೆ ಏರಿಯ ಮೇಲೆ ಶಾಲೆ ನಡೆಸುವ ಕೊಕ್ಕರೆ ಮೇಷ್ಟ್ರು.

“ಓದಿದವರು ಪ್ರಶ್ನೆ ಕೇಳುತ್ತಾರೆ ಮೇಷ್ಟ್ರೇ. ನನಗೆ ಬೇಕಿರುವುದು ನೇಯುವ ಕೊಕ್ಕು, ಮಾತಾಡುವ ಕೊಕ್ಕಲ್ಲ.”

ಆದರೂ ಬೇರೆ ದಾರಿ ಕಾಣದೆ ಇಬ್ಬರನ್ನು ಸೇರಿಸಿಕೊಂಡ.

ಮೊದಲ ದಿನವೇ ಒಂದು ಮರಿ ಕೇಳಿತು: “ಯಜಮಾನರೇ, ಗೂಡು ಮಗುಚುವುದು ಹುಲ್ಲು ಮೆತ್ತಗಿರುವುದಕ್ಕೋ, ಗೂಡು ಹಗುರವಾಗಿರುವುದಕ್ಕೋ?”

ಗೀಜಗನಿಗೆ ರೇಗಿತು. ಆದರೂ ಮಗುಚಿದ ಗಡುಸು ಹುಲ್ಲಿನ ಗೂಡನ್ನು ಕೊಕ್ಕಿನಲ್ಲಿ ಎತ್ತಿ ನೋಡಿದ; ಹಗುರವಾಗಿತ್ತು.

“ಹಗುರವಾಗಿದ್ದರೆ ತೂಕ ಕೊಡೋಣ,” ಎಂದಿತು ಇನ್ನೊಂದು. “ನಾನು ಇದೇ ಕೆರೆಯಲ್ಲಿ ಬೆಳೆದವಳು. ತೂಬಿನ ಬಳಿಯ ಕೆಸರು ಒಣಗಿದರೂ ಬಿರಿಯುವುದಿಲ್ಲ.”

ಇಬ್ಬರೂ ಗೂಡುಗಳ ಒಳಗೋಡೆಗೆ ಆ ಕೆಸರು ಮೆತ್ತಿದರು. ಆಷಾಢದ ಗಾಳಿ ಬಂತು. ಗೂಡುಗಳು ತೂಗಾಡಿದವು, ಮಗುಚಲಿಲ್ಲ. ಬಿಟ್ಟುಹೋದ ಗಿರಾಕಿಗಳು ಮತ್ತೆ ಮರದ ಸುತ್ತ ಸುಳಿಯತೊಡಗಿದರು.

ಮರುವರ್ಷ ಅದೇ ಶಾಲೆಯ ಹೊಸ ಮರಿಯೊಂದು ಕೆಲಸ ಕೇಳಿಕೊಂಡು ಬಂತು.

“ಏನಾದರೂ ಕೇಳುವುದಿದೆಯೇ?” ಎಂದ ಗೀಜಗ.

“ಏನೂ ಇಲ್ಲ ಯಜಮಾನರೇ. ನೀವು ಹೇಳಿದ ಹಾಗೆ ಮಾಡಿಕೊಂಡಿರುತ್ತೇನೆ.”

“ಹಾಗಾದರೆ ಇನ್ನೊಂದು ವರ್ಷ ಮೇಷ್ಟ್ರ ಹತ್ತಿರ ಓದಿಕೊಂಡು ಬಾ,” ಎಂದ ಗೀಜಗ. “ಅಲ್ಲಿಯವರೆಗೆ ನಿನ್ನ ಜಾಗ ಕಾಯ್ದಿಟ್ಟಿರುತ್ತೇನೆ.”