ಕಪಾಟು ಆರಿಸಿದವನಿಗೆ ಕನ್ಯೆ

"ಕೇಳ್ರಪ್ಪೋ ಕೇಳಿ! ಕೆಂಗೋಟೆಯ ಅರಸುಮಗಳು ಹೊನ್ನಾಜಮ್ಮಣ್ಣಿಯವರ ಅಪ್ಪಣೆ! ಹೊಸ ಅರಮನೆಗೆ ಒಂದು ಹಳೇ ಕಪಾಟು ಬೇಕಾಗಿದೆ. ತೊಟ್ಟಿಯಂಗಳದಲ್ಲಿ ನಾಲ್ಕು ಇಟ್ಟಿದೆ: ಕೆತ್ತನೆಯದೊಂದು, ಬೀಟೆಯದೊಂದು, ಕಬ್ಬಿಣದ ಪಟ್ಟಿಯದೊಂದು, ಹಲಸಿನದೊಂದು. ಮೂರಕ್ಕೆ ಒಂದೊಂದು ಐಬು, ಒಂದೊಂದು ಐಬಿಗೆ ಒಂದೊಂದು ಒಗಟು. ಮೂರೂ ಬಿಡಿಸಿ ಮನೆಗೊಗ್ಗುವ ಕಪಾಟು ಆರಿಸಿದವನಿಗೆ ಅಮ್ಮಣ್ಣಿಯೂ ಉಂಟು, ಅರ್ಧ ರಾಜ್ಯವೂ ಉಂಟು. ತಪ್ಪಿದವನನ್ನು ಕಬ್ಬಿಣದ ಪಟ್ಟಿಯ ಕಪಾಟಿನಲ್ಲಿ ಕೂಡಿ ಬೀಗ ಜಡಿಯಲಾಗುವುದು!"

ಯುಗಾದಿಗೆ ಡಂಗುರ ಹೊಡೆಸಿದರು. ದೀಪಾವಳಿಯ ಹೊತ್ತಿಗೆ ಏಳು ಜನ ಆ ಕಪಾಟಿನೊಳಗೆ ಹೋಗಿದ್ದರು.

ಬೀಗ ತೆಗೆಯುವುದು ಮೂರನೆಯ ದಿನ. ಹೆಣವನ್ನು ಆಳುಗಳು ಹೊತ್ತುಕೊಂಡು ಹೋದ ಮೇಲೆ ಅರಮನೆಯ ಬಡಗಿ ಮೋನಾಚಾರಿಯ ಕೆಲಸ ಶುರು. ಒಳಗನ್ನು ಸೀಗೆಪುಡಿ ಹಾಕಿ ತೊಳೆಯಬೇಕು. ಬಾಗಿಲ ಒಳಮೈಯಲ್ಲಿ ಉಗುರಿನಿಂದ ಗೀರಿದ ಗೆರೆಗಳನ್ನು ಕೀಸುಳಿ ಹಿಡಿದು ಕೀಸಬೇಕು. ಅವನು ತಲೆ ತಗ್ಗಿಸಿ ಬಂದು, ತಲೆ ತಗ್ಗಿಸಿಯೇ ಹೋಗುವ ಹುಡುಗ. ಒಗಟು ನಡೆಯುವ ದಿನ ಕಂಬದ ಹಿಂದೆ ಹತಾರಗಳ ಚೀಲ ಹಿಡಿದು ನಿಂತಿರುತ್ತಿದ್ದ.

ಏಳನೆಯವನು ಪಾಳೆಯಗಾರನ ಮಗ. ಅಮ್ಮಣ್ಣಿ ಅವನಿಗೆ ಮೊದಲ ಒಗಟು ಹೇಳಿದಳು: "ಕಳೆದಷ್ಟೂ ಬೆಳೆಯುತ್ತೆ. ದುಡ್ಡು ಸುರಿದರೂ ಬರೋದಿಲ್ಲ, ನೂರು ಕೈ ಮುಟ್ಟಿದರೆ ಬಿಟ್ಟಿ ಬರುತ್ತೆ. ಏನದು?"

"ಕೀರ್ತಿ!" ಎಂದು ಮೀಸೆ ತಿರುವಿದ. ಮೀಸೆಯ ಮೇಲಿನ ಕೈ ಇಳಿಯುವ ಮೊದಲೇ ಅವನನ್ನು ಎಳೆದೊಯ್ದರು.

ಎಂಟನೆಯವನು ಬಂದಾಗ ಮೋನಾಚಾರಿ ಕಂಬದ ಹಿಂದಿನಿಂದ ಕತ್ತು ಚಾಚಿ ನೋಡಿದ. ಬಂದವನು ಅವನ ಸ್ವಂತ ಅಣ್ಣ, ಕೆತ್ತನೆ ಕೆಲಸದ ಕಾಳಾಚಾರಿ. ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ.

ಮೊದಲ ಒಗಟಿಗೆ ಕಾಳಾಚಾರಿ ನಕ್ಕ. "ಸವಕಲು, ಅಮ್ಮಣ್ಣೀ." ಸಭೆ ಗುಜುಗುಜು ಎಂದಿತು. ಇಲ್ಲಿಯವರೆಗೆ ಆ ಹೊಸಲನ್ನು ಯಾರೂ ದಾಟಿರಲಿಲ್ಲ.

ಅಮ್ಮಣ್ಣಿ ಎರಡನೆಯದು ಹೇಳಿದಳು: "ಹಗಲೂ ರಾತ್ರಿ ಬೀಸುತ್ತಾಳೆ, ಒಂದು ರೊಟ್ಟಿ ತಟ್ಟಲಿಲ್ಲ. ಹಿಟ್ಟನ್ನ ಹೊರಗೆ ಚೆಲ್ಲಿ ತಾನಿರೋ ಮನೇನೇ ಉಣ್ಣುತ್ತಾಳೆ. ಯಾರವಳು?"

"ಗೆದ್ದಲು!"

"ಗೆದ್ದಲು ಮಣ್ಣು ತರುತ್ತೆ ಕಣಯ್ಯ, ಹಿಟ್ಟು ಚೆಲ್ಲೋದಿಲ್ಲ" ಎಂದಳು ಅಮ್ಮಣ್ಣಿ, ಎಲೆಗೆ ಸುಣ್ಣ ಸವರುತ್ತಾ.

ನಾಲ್ವರು ಆಳುಗಳು ಕಾಳಾಚಾರಿಯನ್ನು ಮಡಚಿ ಒಳಗೆ ತುರುಕಿದರು. "ಮೋನಾ! ಲೋ ಮೋನಾ!" ಎಂಬ ಕೂಗು ಬಾಗಿಲು ಮುಚ್ಚಿದ ಕೂಡಲೆ ಅರ್ಧಕ್ಕೆ ತುಂಡಾಯಿತು. ಆಮೇಲೆ ಬಡಿತ. ಧಡ್, ಧಡ್, ಧಡ್.

ಮೋನಾಚಾರಿಯ ಕೈಯಿಂದ ಚೀಲ ಜಾರಿತು. ಕಾಲುಗಳು ತಾವಾಗಿ ಮುಂದೆ ನಡೆದವು.

"ಏನಯ್ಯ ಆಚಾರಿ, ಇನ್ನೂ ಮೂರು ದಿನ ಇದೆಯಲ್ಲ. ಈಗಲೇ ತೊಳೆಯೋಕೆ ಬಂದೆಯಾ?"

"ಒಗಟು ಬಿಡಿಸೋಕೆ, ಅಮ್ಮಣ್ಣೀ. ಗೆದ್ದರೆ ಬೀಗದಕೈ ನನ್ನ ಕೈಗೆ ಕೊಡಬೇಕು."

"ಕೊಡೋಣ. ಮೂರೂ ಬಿಡಿಸಿ, ಅರ್ಥ ಹೇಳಿ, ಕಪಾಟು ಆರಿಸಿದ ಮೇಲೆ."

"ಮೊದಲನೇದು ಸವಕಲು. ಎರಡನೇದು ಮರ ಕೊರೆಯೋ ಕುಟ್ಟೆಹುಳು."

ಅಮ್ಮಣ್ಣಿ ಎಲೆ ಮಡಚುವುದನ್ನು ನಿಲ್ಲಿಸಿದಳು. ಮೂರನೆಯ ಒಗಟನ್ನು ಅವಳು ಯಾರಿಗೂ ಹೇಳುವ ಪ್ರಸಂಗ ಬಂದಿರಲಿಲ್ಲ. "ಬೀಗ ಜಡಿದರೆ ಒಳಗೆ ನಿಲ್ಲೋದಿಲ್ಲ. ಬಾಗಿಲು ತೆರೆದಿಟ್ಟರೆ ಹೊರಗೆ ಹೋಗೋದಿಲ್ಲ. ಖಾಲಿ ಕಪಾಟಿನಲ್ಲೂ ತುಂಬಿರುತ್ತೆ. ಏನದು?"

ಗಾಳಿ ಎಂಬ ಮಾತು ಮೋನಾಚಾರಿಯ ನಾಲಿಗೆ ತುದಿಗೆ ಬಂತು. ಅಣ್ಣನಿಗೆ ಆಗ ಬೇಕಾಗಿದ್ದದ್ದು ಅದೊಂದೇ. ಆದರೆ ಗಾಳಿ ಬಾಗಿಲು ತೆರೆದರೆ ಹೋಗುತ್ತದಲ್ಲ. ಕತ್ತಲೆಯೂ ಹೋಗುತ್ತದೆ. ಏನು ಮಾಡಿದರೂ ಹೋಗದ್ದು ಯಾವುದು? ಸೀಗೆಪುಡಿ ಹಾಕಿದ್ದ, ಸುಣ್ಣ ಬಳಿದಿದ್ದ, ಸಾಂಬ್ರಾಣಿ ಹೊಗೆ ಹಿಡಿದಿದ್ದ. ಆದರೂ ಅನ್ನ ಕಲೆಸುವಾಗ ತನ್ನ ಕೈಯಲ್ಲೇ ಅದು ಬರುತ್ತಿತ್ತು.

"ವಾಸನೆ" ಎಂದ.

ಸಭೆ ಉಸಿರು ಬಿಟ್ಟಿತು. ಅವನು ಬೀಗದಕೈಗೆ ಕೈ ಚಾಚಿದ.

"ಅರ್ಥ" ಎಂದಳು ಅಮ್ಮಣ್ಣಿ. "ನಿಧಾನವಾಗಿ ಹೇಳು. ಶಾನುಭೋಗರು ಬರೆದುಕೊಳ್ಳಬೇಕು."

ಶಾನುಭೋಗರು ಲೇಖಣಿಯ ಮೊನೆ ಹೆರೆಯತೊಡಗಿದರು. ಬಡಿತಗಳ ನಡುವೆ ಬಿಡುವು ಬೀಳುತ್ತಿತ್ತು.

"ಕೆತ್ತನೆಯ ಕಪಾಟು ಹಳೇದಲ್ಲ. ಹೊಗೆ ಹಿಡಿಸಿ, ಎಣ್ಣೆ ಬಳಿದು ಹಳೇದು ಅನ್ನೋ ಹಾಗೆ ಮಾಡಿದಾರೆ. ನೂರು ವರ್ಷ ಬಾಗಿಲು ಎಳೆದಿದ್ದರೆ ಹಿಡಿಕೆ ಹತ್ತಿರ ಮರ ಸವೆದು ತಗ್ಗಿರಬೇಕು, ಇದರಲ್ಲಿ ಆ ಸವಕಲಿಲ್ಲ."

"ಶಾನುಭೋಗರೇ, ಆಯಿತೇ?"

"ಹಿಡಿಕೆ ಅಂದಿರಿ... ಮುಂದೆ?"

ಧಡ್. ಬಹಳ ಹೊತ್ತು ಬಿಟ್ಟು, ಧಡ್.

"ಬೀಟೆ ಕಪಾಟು ನಿಜವಾಗಿ ಹಳೇದು. ತೂತಿದ್ದರೆ ಚಿಂತೆಯಿಲ್ಲ, ಆದರೆ ಕೆಳಗೆ ಹಿಟ್ಟು ಉದುರಿದೆ. ಹುಳು ಇನ್ನೂ ಒಳಗಿದೆ. ಮನೆಗೆ ತಂದರೆ ತೊಲೆ, ಮಂಚ ಎಲ್ಲಾ ತಿನ್ನುತ್ತೆ. ಮೂರನೇದು..." ಅವನು ಬೀಗ ಜಡಿದ ಬಾಗಿಲ ಕಡೆ ಕೈ ತೋರಿಸಿದ. "ಪಟ್ಟಿಯ ಕಪಾಟಿಗೆ ಸವಕಲೂ ಇದೆ, ಹುಳುವೂ ಇಲ್ಲ. ಅದರೊಳಗೆ ರೇಷ್ಮೆ ಇಟ್ಟರೆ ಹೆಣದ ವಾಸನೆ ಹೊಡೆಯುತ್ತೆ. ನಾಲ್ಕನೇ ಹಲಸಿನ ಮರದ್ದು ಅಡುಗೆಮನೆಯಲ್ಲಿದ್ದದ್ದು, ನೋಡೋಕೆ ಏನೇನೂ ಚೆನ್ನಾಗಿಲ್ಲ. ಹಿಡಿಕೆ ಸವೆದಿದೆ, ತಳ ಗಟ್ಟಿ, ಮೂಗಿಟ್ಟರೆ ಮರ ಮಾತ್ರ ಮೂಗಿಗೆ ಬಡಿಯುತ್ತೆ. ಮನೆಗೆ ಅದೇ ಆಗಬೇಕು."

ಬಡಿತ ನಿಂತು ಎಷ್ಟು ಹೊತ್ತಾಗಿತ್ತೋ.

ಬೀಗದಕೈ ಸಿಕ್ಕಿತು. ಬಾಗಿಲು ತೆರೆದಾಗ ಕಾಳಾಚಾರಿ ಮೂಟೆಯಂತೆ ಹೊರಗೆ ಉರುಳಿದ. ಹತ್ತು ಬೆರಳೂ ರಕ್ತ. ಮೋನಾಚಾರಿ ಎದೆ ತಿಕ್ಕಿದ, ಮುಖಕ್ಕೆ ನೀರೆರಚಿದ. ಕಡೆಗೊಮ್ಮೆ ಗೊರಗೊರ ಎಂದು ಉಸಿರು ಬಂತು. ಅಣ್ಣ ಬದುಕಿದ್ದ.

ಅಮ್ಮಣ್ಣಿ ಹಾರ ಹಿಡಿದು ಮೆಟ್ಟಿಲಿಳಿದು ಬಂದಳು. ಅವಳ ಮುಖದಲ್ಲಿ ಸೋತ ಕಳೆಯಿರಲಿಲ್ಲ. ಬಹುದಿನ ಹುಡುಕಿದ್ದು ಸಿಕ್ಕಿದ ಹಾಗಿತ್ತು.

"ಏಳು ಜನ ಒಳಗೆ ಹೋಗುವಾಗಲೂ ನೀನು ಆ ಕಂಬದ ಹಿಂದೆ ಇದ್ದೆ. ಉತ್ತರ ಗೊತ್ತಿತ್ತು. ಅವರಿಗಾಗಿ ಬಾಯಿ ಬಿಡಲಿಲ್ಲ" ಎಂದಳು, ಎಲ್ಲರಿಗೂ ಕೇಳುವಂತೆ. "ನನಗೆ ತಕ್ಕ ಗಂಡ ನೀನೇ."

ಮೋನಾಚಾರಿ ಅಣ್ಣನ ಪಕ್ಕದಿಂದ ಎದ್ದು ನಿಂತ. ಕತ್ತು ಬಗ್ಗಿತು, ಹಾರ ಬಿತ್ತು. ಜನ ಜಯಕಾರ ಹಾಕಿದರು, ನಗಾರಿ ಮೊಳಗಿತು, ಅರ್ಧ ರಾಜ್ಯದ ಸನ್ನದನ್ನು ಶಾನುಭೋಗರು ಅಲ್ಲೇ ಬರೆದರು. ನೆಲದ ಮೇಲೆ ಮಲಗಿದ್ದ ಅಣ್ಣ ಒಂದು ಗಳಿಗೆ ತಮ್ಮನ ಮುಖವನ್ನೇ ನೋಡಿದ. ಆಮೇಲೆ ಮಗ್ಗುಲು ಬದಲಿಸಿ, ಗೋಡೆಯ ಕಡೆ ತಿರುಗಿಕೊಂಡ.