ನಿಲ್ಲದ ಎರಡನೇ ಗೇರು

ಬೆಟ್ಟದ ನೆತ್ತಿಯ ಮೇಲೆ ಒಂದು ಮಠ. ಆ ಮಠಕ್ಕೆ ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಹಳೇ ಜೀಪು.

ಕೆಳಗೆ ಹೊಳೆ. ಹೊಳೆಯ ದಂಡೆಗೆ ಆಸ್ಪತ್ರೆ. ನಡುವೆ ಸುತ್ತಿ ಸುತ್ತಿ ಇಳಿಯುವ ದಾರಿ. ಆ ದಾರಿಯ ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಏನೂ ಇಲ್ಲ.

ಸೋಮವಾರ ಬಂತೆಂದರೆ ಬೆಟ್ಟದ ಕಾಡಿನೊಳಗಿನ ಹತ್ತಾರು ಮನೆಗಳ ಹಾಡಿಗಳಿಂದ ಕಾಯಿಲೆಯವರು ಮಠದ ಅಂಗಳಕ್ಕೆ ಬಂದು ಕೂರುವರು. ಅವರನ್ನು ಜೀಪಿನಲ್ಲಿ ಆಸ್ಪತ್ರೆಗೆ ಮುಟ್ಟಿಸುವುದು ಮಠದ ಕಾಯಕ. ಮೊದಲು ಗುರುಗಳೇ ಓಡಿಸುತ್ತಿದ್ದರು. ಕಣ್ಣಿಗೆ ಪೊರೆ ಬಂದ ಮೇಲೆ ಸ್ಟೀರಿಂಗು ಶಿಷ್ಯ ಚೆನ್ನಮಲ್ಲನ ಕೈಗೆ ಬಂತು.

ಮಠದಲ್ಲಿ ಒಂದು ಪದ್ಧತಿ ಇತ್ತು. ಜೀಪು ತೆಗೆದುಕೊಂಡು ಹೋದವನು ಹಿಂತಿರುಗಿದ ಕೂಡಲೇ, ಕೈಕಾಲು ತೊಳೆಯುವುದಕ್ಕೂ ಮುಂಚೆ, ಗುರುಗಳ ಬಾಗಿಲಲ್ಲಿ ನಿಂತು ಒಂದು ಮಾತು ಒಪ್ಪಿಸಬೇಕು.

"ಹತ್ತಿದವರೆಲ್ಲ ಇಳಿದರು, ಬುದ್ಧಿ."

ಆ ಸೀಮೆಯವರು ಮಠದ ಗುರುಗಳನ್ನು ಕರೆಯುವುದೇ ಹಾಗೆ, ಬುದ್ಧಿ ಎಂದು. ಮಾತು ಕೇಳಿ ಗುರುಗಳು "ಹೂಂ" ಅನ್ನುವರು. ಅಲ್ಲಿಗೆ ಆ ದಿನದ ಕಾಯಕ ಮುಗಿಯಿತು.

ಮಳೆ ಬಿಟ್ಟ ಮೇಲಿನ ಒಂದು ಸೋಮವಾರ, ಇಳಿಜಾರಿನಲ್ಲಿ ಜೀಪು ಕೈಕೊಟ್ಟಿತು.

ಚೆನ್ನಮಲ್ಲ ಎರಡನೇ ಗೇರಿನಲ್ಲಿ ಇಳಿಯುತ್ತಿದ್ದ. ಅಂಥ ದಾರಿಯಲ್ಲಿ ಜೀಪನ್ನು ತಡೆದು ಹಿಡಿಯುವುದು ಬ್ರೇಕಿಗಿಂತ ಹೆಚ್ಚಾಗಿ ಗೇರೇ. ತಿರುವು ಬರುತ್ತಿದ್ದ ಹಾಗೆ ಆಕ್ಸಿಲರೇಟರಿನಿಂದ ಕಾಲು ತೆಗೆದ. ಎಡಗಡೆಯ ಗೇರ್ ರಾಡು ಒಮ್ಮೆ ನಡುಗಿತು. ಆಮೇಲೆ, ಯಾರೂ ಮುಟ್ಟದೆ, ಟಕ್ ಎಂದು ನ್ಯೂಟ್ರಲ್ಲಿಗೆ ಬಂದು ಬಿತ್ತು.

ಎಂಜಿನ್ನಿನ ಗುರುಗುಟ್ಟುವ ಸದ್ದು ಅಡಗಿತು. ಆ ಮೌನದಲ್ಲಿ ಜೀಪು ಹಗುರಾಗಿ ಓಡತೊಡಗಿತು.

ಹಿಂದೆ ಕೂತಿದ್ದ ಮುದುಕಿ ಪುಟ್ಟಮಾದಮ್ಮ ನಕ್ಕಳು. "ಇವತ್ತು ನಮ್ಗೆಲ್ಲ ಗಾಳಿ ಕುಡಿಸ್ತಾವ್ನೆ ಕಣ್ರೋ."

ಚೆನ್ನಮಲ್ಲ ಎರಡೂ ಕೈಯಲ್ಲಿ ಸ್ಟೀರಿಂಗನ್ನು ಅವುಚಿ ಹಿಡಿದ. ಬ್ರೇಕು ತುಳಿದ. ಜೀಪನ್ನು ಬಂಡೆಯ ಬದಿಗೇ ಒತ್ತಿದ. ತಗಡು ಕಲ್ಲಿಗೆ ಉಜ್ಜಿ ಕಿರುಗುಟ್ಟಿತು. ಜೀಪು ನಿಂತಿತು.

"ಏನಾಯ್ತು ಮಗ?"

"ಕಡವೆ ಅಡ್ಡ ಬಂತು ಕಣವ್ವ."

ಕಡವೆಯೂ ಬಂದಿರಲಿಲ್ಲ, ಮೊಲವೂ ಬಂದಿರಲಿಲ್ಲ.

ಹೇಗೋ ಎಲ್ಲರನ್ನೂ ಆಸ್ಪತ್ರೆಗೆ ಮುಟ್ಟಿಸಿ, ಆ ದಿನ ಮಠಕ್ಕೆ ಬಂದು ಗುರುಗಳ ಬಾಗಿಲಲ್ಲಿ ನಿಂತ.

"ಹತ್ತಿದವರೆಲ್ಲ ಇಳಿದರು, ಬುದ್ಧಿ."

"ಹೂಂ."

ಮಾತು ಸುಳ್ಳಾಗಿರಲಿಲ್ಲ. ಚೆನ್ನಮಲ್ಲ ಅದರ ಹಿಂದೆ ಅವಿತುಕೊಂಡ. ಬಾಯಿ ಬಿಟ್ಟು ಹೇಳಿದರೆ, ಅದು ಇನ್ನೊಮ್ಮೆ ಆಗಿಯೇ ತೀರುತ್ತದೆ ಎಂದು ಅವನಿಗೆ ಅನ್ನಿಸಿತ್ತು.

ಮುಂದಿನ ಸೋಮವಾರದಿಂದ ಅವನ ಎಡಗೈ ಗೇರ್ ರಾಡನ್ನು ಬಿಡಲಿಲ್ಲ. ಎರಡನೇ ಗೇರು ಹಾಕುವುದು, ಅಂಗೈ ನೋಯುವ ಹಾಗೆ ಅದನ್ನು ಒತ್ತಿ ಹಿಡಿಯುವುದು, ಬಲಗೈ ಒಂದರಲ್ಲೇ ತಿರುವು ತಿರುಗಿಸುವುದು. ಬಾಯಲ್ಲಿ ತಾನಾಗಿಯೇ ಶಿವನ ಹೆಸರು ಬಂತು. ಬೆಟ್ಟದ ತುದಿಯಿಂದ ಹೊಳೆಯ ತನಕ ಅದು ನಿಲ್ಲುತ್ತಿರಲಿಲ್ಲ.

ಹಾಡಿಗಳಲ್ಲಿ ಸುದ್ದಿ ಆಯಿತು. ಚೆನ್ನಮಲ್ಲ ದೊಡ್ಡ ಭಕ್ತ ಆಗಿಬಿಟ್ಟವ್ನೆ, ಜೀಪು ಓಡಿಸೋದೂ ಅವನಿಗೆ ಪೂಜೆಯಂತೆ. ಹಿಂದೆ ಕೂತವರೂ ಅವನ ಜೊತೆ ದನಿ ಸೇರಿಸತೊಡಗಿದರು. ಒಂದು ಸೋಮವಾರ ಆಸ್ಪತ್ರೆಯ ಮುಂದೆ ಪುಟ್ಟಮಾದಮ್ಮ ಬಗ್ಗಿ ಅವನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಆ ರಾತ್ರಿ ಚೆನ್ನಮಲ್ಲನಿಗೆ ಅನ್ನ ಸೇರಲಿಲ್ಲ.

ಸುದ್ದಿ ಗುರುಗಳ ಕಿವಿಗೂ ಬಿತ್ತು. ಜಗಲಿಯ ಮೇಲೆ ಕೂತು ಅವನನ್ನು ಕರೆದರು.

"ಜೀಪಿನಲ್ಲಿ ಜಪ ಮಾಡ್ತೀಯಂತೆ."

"ಹೂಂ ಬುದ್ಧಿ."

"ಬೆಟ್ಟ ಹತ್ತುವಾಗಲೂ ಮಾಡ್ತೀಯಾ?"



"ಇಳಿಯುವಾಗ ಮಾತ್ರ."

ಗುರುಗಳು ಕೋಲು ಹಿಡಿದು ಎದ್ದರು. "ಜೀಪು ತೆಗಿ."

ಮಠದ ಹಿಂದೆ, ಕೊಳಕ್ಕೆ ಹೋಗುವ ಸಣ್ಣ ಇಳಿಜಾರು. ಬಿದ್ದರೂ ಹುಲ್ಲಿನಲ್ಲಿ ಬೀಳುವಂಥದ್ದು. ಚೆನ್ನಮಲ್ಲ ಎರಡನೇ ಗೇರು ಹಾಕಿ ಇಳಿಸಿದ. ಪಕ್ಕದಲ್ಲಿ ಕೂತ ಗುರುಗಳು ಕೈ ಚಾಚಿ ತಡವಿದರು. ಗೇರ್ ರಾಡು ಸಿಗಲಿಲ್ಲ. ಅದರ ಮೇಲಿದ್ದ ಅವನ ಕೈ ಸಿಕ್ಕಿತು. ತಣ್ಣಗೆ, ಬೆವತು ಹೋಗಿತ್ತು.

"ಕೈ ತೆಗಿ."

"ತೆಗೆದರೆ ಗೇರು ಬಿಟ್ಟು ಬರುತ್ತೆ ಬುದ್ಧಿ."

"ಬರಲಿ. ಹೇಗೆ ಬರುತ್ತೆ ಅಂತ ನೋಡೋಕೇ ಬಂದಿರೋದು."

ಕೈ ತೆಗೆದ. ಟಕ್ ಎಂದಿತು. ಹುಲ್ಲಿನ ಮೇಲೆ ಜೀಪು ತೇಲಿದ ಹಾಗೆ ಜಾರಿತು. ಚೆನ್ನಮಲ್ಲ ಬ್ರೇಕು ತುಳಿದ.

"ಇನ್ನೊಂದು ಸಲ," ಅಂದರು ಗುರುಗಳು.

ಇನ್ನೊಂದು ಸಲ, ಮತ್ತೊಂದು ಸಲ. ಗುರುಗಳು ಒತ್ತದೆ, ತಡೆಯದೆ, ಬರೀ ಬೆರಳ ತುದಿಯನ್ನು ಗೇರ್ ರಾಡಿನ ಮೇಲೆ ಇಟ್ಟಿದ್ದರು.

"ಆಕ್ಸಿಲರೇಟರ್ ತುಳಿ. ಈಗ ಗೇರು ನಿಂತಿದೆ. ಕಾಲು ತೆಗಿ. ಈಗ ಬಂತು. ಹತ್ತುವಾಗ ಬರಲ್ಲ ಅಲ್ವಾ?"

"ಒಂದು ಸಲವೂ ಬಂದಿಲ್ಲ."

"ಮೂರನೇ ಗೇರು?"

"ಅದು ನಿಲ್ಲುತ್ತೆ."

ಗುರುಗಳು ಇಳಿದು ಜೀಪಿನ ಕೆಳಗೆ ಕೈ ತೂರಿಸಿ ಗೇರ್ ಬಾಕ್ಸನ್ನು ಅಲ್ಲಾಡಿಸಿ ನೋಡಿದರು. ಅದು ಬಿಗಿಯಾಗಿ ಕೂತಿತ್ತು.

"ಹೊರಗೆ ಏನೂ ಇಲ್ಲ. ಒಳಗಿದೆ. ಬಿಚ್ಚು."

"ಬಿಚ್ಚಿ, ಸರಿಯಾಗದೆ ಹೋದರೆ?"

"ಬಿಚ್ಚದೆ ಸರಿಯಾಗಿತ್ತಾ?"

ಅಂಗಳದಲ್ಲಿ ಗುರುಗಳ ಹಳೇ ಪಂಚೆ ಹಾಸಿ ಚೆನ್ನಮಲ್ಲ ಕೂತ. ಜೀಪಿನ ನೆಲದ ತಗಡು ಬಿಚ್ಚಿದ. ಗೇರ್ ಬಾಕ್ಸಿನ ಮೇಲಿನ ಮುಚ್ಚಳದ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದ. ಕೊನೆಯ ಬೋಲ್ಟಿನ ಹತ್ತಿರ ಕೈ ನಿಂತಿತು. ಮುಚ್ಚಿದ ಪೆಟ್ಟಿಗೆಯಲ್ಲಿ ಎಂಥದ್ದೋ ಕಾದು ಕೂತಿರುವ ಹಾಗೆ ಅವನಿಗೆ ಅಂಜಿಕೆ.

ಗುರುಗಳು ಅವಸರ ಮಾಡಲಿಲ್ಲ. ಕಣ್ಣು ಮುಚ್ಚಿ ಬಿಸಿಲಿಗೆ ಕೂತಿದ್ದರು.

ಮುಚ್ಚಳ ಬಂತು. ಒಳಗಿನ ಎಣ್ಣೆಯಲ್ಲಿ ಹಳದಿ ಪುಡಿ ಮಿನುಗುತ್ತಿತ್ತು.

"ಎಣ್ಣೆ ಹೊಳೀತಿದೆ ಬುದ್ಧಿ."

"ಹೊಳೆಯಬಾರದು," ಅಂದರು ಗುರುಗಳು. ಎಣ್ಣೆಗೆ ಕೈ ಇಳಿಸಿ ಗೇರಿನ ಹಲ್ಲುಗಳನ್ನು ಬೆರಳಿನಿಂದ ಸವರಿದರು. "ಹಲ್ಲು ಚೂಪಾಗೇ ಇದೆ. ಮುಚ್ಚಳ ಕೊಡು ಇಲ್ಲಿ."

ಮುಚ್ಚಳದ ಒಳಮೈಯಲ್ಲಿ ಒಂದು ಸಣ್ಣ ಗುಂಡು. ಗೇರು ಬಿದ್ದಾಗ ಆ ಗುಂಡು ಒಂದು ಕುಳಿಗೆ ಕೂತು ಗೇರನ್ನು ಅಲ್ಲೇ ನಿಲ್ಲಿಸಬೇಕು. ಗುಂಡನ್ನು ಒತ್ತುವ ಸ್ಪ್ರಿಂಗು ಎರಡು ತುಂಡಾಗಿತ್ತು.

"ಇಷ್ಟೇನಾ?" ಚೆನ್ನಮಲ್ಲನ ದನಿ ಹಗುರಾಯಿತು.

"ಇಷ್ಟೇ ಆಗಿತ್ತು," ಅಂದರು ಗುರುಗಳು.

ಅವನ ಬೆರಳು ಹಿಡಿದು ಇನ್ನೊಂದು ಕಡೆ ಮುಟ್ಟಿಸಿದರು. ಹಿತ್ತಾಳೆಯ, ಎರಡು ಕವಲಿನ ಫೋರ್ಕು. ಗೇರನ್ನು ಅದರ ಜಾಗಕ್ಕೆ ತಳ್ಳುವುದು ಅದೇ. ಅದರ ಒಂದು ಮೈ ದಪ್ಪಗಿತ್ತು. ಇನ್ನೊಂದು ಮೈ ಸವೆದು ಸವೆದು ಬಾಳೆಲೆಯ ಅಂಚಿನಂತೆ ತೆಳ್ಳಗಾಗಿತ್ತು.

"ಸ್ಪ್ರಿಂಗು ತಾನಾಗಿ ಮುರಿದಿದೆ. ಅದಕ್ಕೂ ವಯಸ್ಸಾಗುತ್ತೆ."

"ಇದು?"

"ಇದರ ಕೆಲಸ ಗೇರನ್ನು ತಳ್ಳಿ ಆಮೇಲೆ ಸುಮ್ಮನಿರೋದು. ನೀನು ಸುಮ್ಮನಿರೋಕೆ ಬಿಡಲಿಲ್ಲ. ಒತ್ತಿ ಹಿಡಿದಷ್ಟೂ ಹೊತ್ತು, ಒಳಗೆ ತಿರುಗೋ ಗೇರಿನ ಚಕ್ರಕ್ಕೆ ಉಜ್ಜಿದೆ."

ಚೆನ್ನಮಲ್ಲ ಎಣ್ಣೆಯ ಕಡೆ ತಿರುಗಿ ನೋಡಿದ. ಎಣ್ಣೆಯಲ್ಲಿ ಮಿನುಗುತ್ತಿದ್ದ ಪುಡಿ ಯಾವುದೆಂದು ಈಗ ಗೊತ್ತಾಯಿತು. ಹಿಂದಿನ ಸೀಟಿನ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು.

"ಹೀಗೇ ಓಡಿಸಿದ್ದರೆ, ಇದು ಯಾವತ್ತು ಮುರೀತಿತ್ತು ಬುದ್ಧಿ?"

"ಅದು ಹೇಳಿ ಮುರಿಯೋದಿಲ್ಲ."

ಗುರುಗಳು ಕೇಳಿದರು. "ಮೊದಲ ಸಲ ಗೇರು ಬಿಟ್ಟಿತಲ್ಲ, ಆವತ್ತು ಜೀಪು ನಿಲ್ಲಿಸಿದ್ದು ಯಾವ ಕೈ?"

"ಎರಡೂ ಕೈ ಬುದ್ಧಿ."

"ಆಮೇಲಿಂದ ಎಷ್ಟು ಕೈಯಲ್ಲಿ ತಿರುವು ಇಳಿಸಿದೆ?"

ಚೆನ್ನಮಲ್ಲ ತನ್ನ ಎಡ ಅಂಗೈಯನ್ನು ಪಂಚೆಗೆ ಒರೆಸಿದ. ಮತ್ತೆ ಒರೆಸಿದ. ಜಿಡ್ಡು ಹೋಗಲಿಲ್ಲ.

ಪೇಟೆಯಿಂದ ಹೊಸ ಸ್ಪ್ರಿಂಗು, ಹೊಸ ಫೋರ್ಕು ಬಂದವು. ಮುಚ್ಚಳ ಕೂರಿಸುವಾಗ ಫೋರ್ಕಿನ ಕವಲು ಗೇರಿನ ಚಕ್ರದ ಸುತ್ತಲಿನ ತೋಡಿನೊಳಗೆ ಸರಿಯಾಗಿ ಇಳಿಯಬೇಕು. ಚೆನ್ನಮಲ್ಲನ ಕೈಯಲ್ಲಿ ಅದು ತಪ್ಪಿತು. ಮತ್ತೆ ತಪ್ಪಿತು. ಗುರುಗಳು ಕೈ ಹಾಕಲಿಲ್ಲ. ಕೊನೆಗೆ ಇಳಿಯಿತು. ಹೊಸ ಎಣ್ಣೆ ಹೊಯ್ದ.

ಭಾನುವಾರ ಇಬ್ಬರೇ ಖಾಲಿ ಜೀಪಿನಲ್ಲಿ ಹೊಳೆಯ ತನಕ ಇಳಿದರು. ಪ್ರತಿ ತಿರುವಿಗೂ ಚೆನ್ನಮಲ್ಲನ ಎಡಗೈ ಸ್ಟೀರಿಂಗು ಬಿಟ್ಟು ಏಳುತ್ತಿತ್ತು. ಗಾಳಿಯಲ್ಲೇ ನಿಂತು ವಾಪಸು ಬರುತ್ತಿತ್ತು. ಗೇರು ಅಲುಗಲಿಲ್ಲ.

ಹೊಳೆಯ ಹತ್ತಿರ ಜೀಪು ನಿಲ್ಲಿಸಿದ.

"ಗೇರು ನಿಂತಿತು ಬುದ್ಧಿ."

"ಹೂಂ."

"ನಾಳೆಯೂ ನಿಲ್ಲುತ್ತಾ?"

"ನಾಳೆ ಗೊತ್ತಾಗುತ್ತೆ."

"ಇನ್ನು ಬಿಡಲ್ಲ ಅಂತ ಒಂದು ಮಾತು ಹೇಳಿ ಬುದ್ಧಿ. ಅಷ್ಟು ಸಾಕು ನನಗೆ."

ಗುರುಗಳು ಬೊಗಸೆಯಲ್ಲಿ ನೀರು ತುಂಬಿ ಮುಖ ತೊಳೆದುಕೊಂಡರು.

"ಬೆಳಗಿನಿಂದ ಒಂದು ಗುಟುಕು ಕುಡಿದಿಲ್ಲ ನೀನು. ನೀರು ಕುಡಿ."

ಸೋಮವಾರ ಅಂಗಳ ತುಂಬಿತ್ತು. ಪುಟ್ಟಮಾದಮ್ಮ ತನ್ನ ಸೊಸೆ ಬೊಮ್ಮಿಯನ್ನು ತೋಳು ಹಿಡಿದು ಕರೆತಂದಿದ್ದಳು. ಬೊಮ್ಮಿಗೆ ದಿನ ತುಂಬಿತ್ತು. ನಸುಕಿನಿಂದಲೇ ನೋವು ಶುರುವಾಗಿತ್ತು. ಅವಳನ್ನು ಹಿಂದಿನ ಸೀಟಿನಲ್ಲಿ ಒರಗಿಸಿದರು. ಉಳಿದವರು ಸುತ್ತ ಹತ್ತಿ ಕೂತರು.

ಚೆನ್ನಮಲ್ಲ ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟ. ತುಟಿ ಬಿಗಿ ಹಿಡಿದ. ಜೀಪು ಮಠದ ಬಾಗಿಲಿನ ತನಕ ಹೋಯಿತು.

"ಯಾಕ್ಲಾ ಮಗ," ಅಂದಳು ಪುಟ್ಟಮಾದಮ್ಮ, "ಇವತ್ತು ಬಾಯೇ ಬುಡ್ತಾ ಇಲ್ಲ?"

"ಇವತ್ತು ಇಲ್ಲ ಕಣವ್ವ."

"ಇಲ್ಲ ಅಂದ್ರೆ? ಸಿವ್ನ ಹೆಸ್ರು ಹೇಳು. ಅದ್ನ ನಂಬ್ಕೊಂಡಲ್ವಾ ನಾವು ಹತ್ತಿರೋದು."

ಹಿಂದೆ ಪಿಸುಮಾತು ಎದ್ದಿತು.

"ನಿಲ್ಸು," ಅಂದಳು ಮುದುಕಿ. "ನಾನು ಇಳೀತೀನಿ. ಬಸುರಿ ಹೆಂಗ್ಸು ಐತೆ ಗಾಡೀಲಿ."

ಅವಳು ಇಳಿದಳು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು ಇಳಿದರು. ಬೊಮ್ಮಿ ಏಳಲು ನೋಡಿದಳು. ಆಗಲಿಲ್ಲ. ಸೀಟಿನ ಕಂಬಿ ಹಿಡಿದು ಹಲ್ಲು ಕಚ್ಚಿದಳು.

ಚೆನ್ನಮಲ್ಲ ಬಾಯಿ ತೆರೆದ. ಏನಂತೆ, ಹೇಳಿದರಾಯಿತು, ಇವರ ಧೈರ್ಯಕ್ಕೆ. ಶಿವನ ಹೆಸರು ನಾಲಿಗೆಗೆ ಬಂತು. ಅದರ ಜೊತೆಗೇ ಅವನ ಎಡಗೈ ಸ್ಟೀರಿಂಗು ಬಿಟ್ಟು ಹೋಗಿ ಗೇರ್ ರಾಡನ್ನು ಹಿಡಿದುಕೊಂಡಿತ್ತು. ಯಾವಾಗ ಹೋಯಿತೋ ಅವನಿಗೇ ತಿಳಿಯಲಿಲ್ಲ.

ಅವನು ಆ ಕೈಯನ್ನು ನೋಡಿದ. ಎಂಜಿನ್ ಆರಿಸಿ ಕೆಳಗಿಳಿದ.

"ಅವ್ವ, ಅದು ಭಕ್ತಿ ಅಲ್ಲ. ಹೆದರಿಕೆ. ಇಳಿಯುವಾಗ ಗೇರು ಬಿಟ್ಟು ಹೋಗ್ತಿತ್ತು. ಅದನ್ನ ಕೈಯಲ್ಲಿ ಒತ್ತಿ ಹಿಡಿದು ನಿಮ್ಮನ್ನೆಲ್ಲ ಇಳಿಸಿದೆ. ಯಾರಿಗೂ ಹೇಳಲಿಲ್ಲ."



"ಕಡವೆ?" ಅಂದಳು ಪುಟ್ಟಮಾದಮ್ಮ.

"ಕಡವೆ ಇರಲಿಲ್ಲ."

"ನಿನ್ ಕಾಲು ಮುಟ್ಟಿದ್ನಲ್ಲ ನಾನು."

"ಹೌದು ಅವ್ವ, ಮುಟ್ಟಿದ್ದೆ."

ಮುದುಕಿ ತನ್ನ ಕೈ ನೋಡಿಕೊಂಡಳು. ಆಮೇಲೆ ಜೀಪು ನೋಡಿದಳು.

"ಈಗ?"

"ಈಗ ಮುರಿದದ್ದನ್ನ ತೆಗೆದು ಹೊಸದು ಹಾಕಿದೀವಿ. ನಿನ್ನೆ ಇಳಿಸಿ ನೋಡಿದೆ, ನಿಂತಿತು."

"ಇನ್ನು ಬುಡಾಕಿಲ್ಲ ಅಂತ ಆಣೆ ಮಾಡು."

"ಆಣೆ ಮಾಡೋಕೆ ಆಗಲ್ಲ ಅವ್ವ. ಬಿಟ್ಟರೆ, ಎರಡೂ ಕೈ ಸ್ಟೀರಿಂಗ್ ಮೇಲೆ ಇರುತ್ತೆ. ಅಷ್ಟು ಹೇಳಬಲ್ಲೆ."

ಬೊಮ್ಮಿ ಒಮ್ಮೆ ನರಳಿದಳು. ಅಷ್ಟೂ ಜನ ದಾರಿಯ ಕಡೆ ನೋಡಿದರು. ಒಬ್ಬರೂ ಕಾಲೆತ್ತಲಿಲ್ಲ.

ಅಂಗಳದ ಕಡೆಯಿಂದ ಕೋಲಿನ ಸದ್ದು ಬಂತು. ಗುರುಗಳು ತಡವುತ್ತಾ ಬಂದು ಜೀಪಿನ ಹಿಂಬದಿಯ ಕಂಬಿ ಹಿಡಿದರು. ಒಂದು ಕಾಲು ಮೇಲಿಟ್ಟರು, ಕಷ್ಟಪಟ್ಟು ಇನ್ನೊಂದು ಕಾಲನ್ನೂ ಎತ್ತಿ, ಬೊಮ್ಮಿಯ ಎದುರಿನ ಸೀಟಿನಲ್ಲಿ ಕೂತರು. ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡರು. ಕೋಲಿನ ತುದಿ ಸಣ್ಣಗೆ ನಡುಗುತ್ತಿತ್ತು.

ಪುಟ್ಟಮಾದಮ್ಮ ಅದನ್ನೇ ನೋಡುತ್ತಾ ಕೇಳಿದಳು. "ನಿಮ್ಗೆ ಹೆದ್ರಿಕೆ ಇಲ್ವಾ ಬುದ್ಧಿ?"

"ಇದೆ ಕಣವ್ವ," ಅಂದರು ಗುರುಗಳು. "ಹತ್ತು, ಹೊತ್ತಾಯ್ತು."