ಎಮ್ಮೆ ಏರಿದ ಪಾಳೇಗಾರ

ಊಹಿಸಿ ನೋಡೋಣ. ನಾಗಾಲೋಟದಲ್ಲಿದ್ದ ಜೋಡಿ ಕುದುರೆ ಗಾಡಿ ಗಕ್ಕನೆ ನಿಂತರೆ, ಒಳಗೆ ಮೀಸೆ ತಿರುವುತ್ತ ಕೂತ ಪಾಳೇಗಾರ ಎಲ್ಲಿರುತ್ತಾನೆ? ಗಾಡಿಯಲ್ಲೇ ಅಂದಿರಾ? ತಪ್ಪು! ಎಮ್ಮೆಯ ಬೆನ್ನ ಮೇಲೆ!

ಕರಿಗಲ್ಲು ದುರ್ಗದ ಬೊಮ್ಮರಸ ನಾಯಕನಿಗೆ ಆದದ್ದು ಅದೇ. ಸಂತೆಬೀದಿಯಲ್ಲಿ ಕೆಸರಲ್ಲಿ ಮಿಂದ ಎಮ್ಮೆ ಅಡ್ಡ ಬಂತು, ಗಾಡಿ ಹೊಡೆಯುತ್ತಿದ್ದ ಮುದುಕ ಸಣ್ಣೀರ ಲಗಾಮು ಎಳೆದ, ನಾಯಕ ಹಾರಿ ಎಮ್ಮೆ ಏರಿದ. ಸಂತೆಗೆ ಸಂತೆಯೇ ನಕ್ಕಿತು.

"ನಮ್ಮನ್ನು ನೂಕಿದವನಿಗೆ ಐವತ್ತು ಛಡಿಯೇಟು! ನೂಕಿದವನು ಇವನೇ!" ಎಂದು ನಾಯಕ ಆಸ್ಥಾನಕ್ಕೆ ಮರಳಿದೊಡನೆ ಗುಡುಗಿದ.

"ನಾನು ಮುಂದೆ ಕೂತಿದ್ದೆ ಬುದ್ಧೀ, ಹಿಂದಿನಿಂದ ಹೇಗೆ ನೂಕಲಿ?" ಸಣ್ಣೀರ ಗೋಳಾಡಿದ. ಹತ್ತನೇ ಏಟಿಗೇ ಪ್ರಾಣ ಬಿಡುವಂಥ ಬಡಕಲು ಜೀವ.

ಆಸ್ಥಾನದ ವಿದೂಷಕ ಲಕ್ಕರಸಯ್ಯ ಎದ್ದ. "ಬುದ್ಧೀ, ತಾವು ಕೂತಿದ್ದ ಕಡೆ ಒಂದು ಕುಂಬಳಕಾಯಿ ಕೂರಿಸುತ್ತೇನೆ. ಲಗಾಮು ತಾವೇ ಹಿಡಿಯಿರಿ."

"ನಮ್ಮ ಜಾಗದಲ್ಲಿ ಕುಂಬಳಕಾಯಿಯೇ?"

"ತೂಕ ಸ್ವಲ್ಪ ಕಡಿಮೆ, ನಿಜ. ತಲೆ ಸರಿಸಮ."

ನಾಯಕ ಹಲ್ಲು ಕಡಿಯುತ್ತಲೇ ಗಾಡಿ ಓಡಿಸಿದ, ಗಕ್ಕನೆ ನಿಲ್ಲಿಸಿದ. ಕುಂಬಳಕಾಯಿ ಹಾರಿಬಂದು ಅವನ ಬೆನ್ನಿಗೇ ಧಡ್ ಎಂದಿತು.

"ಅಯ್ಯಯ್ಯೋ!"

"ಯಾರು ನೂಕಿದರು ಬುದ್ಧೀ?"

"ಯಾರೂ ಇಲ್ಲವಲ್ಲಯ್ಯ! ಗಾಡಿ ನಿಂತಿತು, ಇದು ನಿಲ್ಲಲಿಲ್ಲ!"

ನಮ್ಮ ಕಾಲೇಜಿನ ಮೇಷ್ಟ್ರು ಇದನ್ನೇ ಜಡತ್ವ ಅಂತ ಮೂರು ತಿಂಗಳು ಪಾಠ ಮಾಡಿದರು ನೋಡಿ. ಕೂತದ್ದು ಕೂತೇ ಇರುತ್ತದೆ, ಹೊರಟದ್ದು ಹೋಗುತ್ತಲೇ ಇರುತ್ತದೆ, ಯಾವುದಾದರೂ ತಡೆಯುವ ತನಕ. ಕುಂಬಳಕಾಯಿಗೆ ಒಂದು ಕ್ಷಣ ಸಾಕಾಯಿತು.

"ಹಾಗಾದರೆ ಸಣ್ಣೀರನನ್ನು ಬಿಡಿ," ಎಂದ ಲಕ್ಕರಸಯ್ಯ.

ನಾಯಕ ಬೆನ್ನು ಸವರಿಕೊಂಡ. "ಅವನ ತಪ್ಪಿಲ್ಲ, ಗೊತ್ತಾಯಿತು. ಆದರೆ ನಮ್ಮ ಮನೆತನದ ಪದ್ಧತಿ ನಿನಗೆ ಗೊತ್ತಲ್ಲ? ಒಮ್ಮೆ ಹೊರಟ ಅಪ್ಪಣೆ ಇನ್ನೂರು ವರ್ಷದಿಂದ ನಿಂತದ್ದಿಲ್ಲ. ಏಟು ಬೀಳಲೇಬೇಕು."

"ಬೀಳಲಿ, ಧಾರಾಳವಾಗಿ! ನೂಕಿದವನಿಗೆ ತಾನೆ ಅಪ್ಪಣೆ? ಗಾಡಿ ನಿಂತರೂ ತಮ್ಮ ಮೈಯೊಳಗಿನ ಓಟ ನಿಲ್ಲಲಿಲ್ಲ, ಅದೇ ತಮ್ಮನ್ನು ಎಮ್ಮೆ ಹತ್ತಿಸಿತು. ಅಂಗಿ ಬಿಚ್ಚೋಣವಾಗಲಿ ಬುದ್ಧೀ. ಲೋ, ಛಡಿ ತಾರೋ!"

"ನಿಲ್ಲಿಸಯ್ಯಾ! ಅಪ್ಪಣೆ ರದ್ದು, ರದ್ದು!"

ಲಕ್ಕರಸಯ್ಯ ಕೈಮುಗಿದ. "ನೋಡಿದಿರಾ ಬುದ್ಧೀ, ಇನ್ನೂರು ವರ್ಷ ಓಡಿದ ಅಪ್ಪಣೆಯೂ ಒಡೆಯನ ಬೆನ್ನು ಅಡ್ಡ ಬಂದರೆ ಗಕ್ಕನೆ ನಿಲ್ಲುತ್ತದೆ."

ನಾಯಕನಿಗೂ ನಗು ತಡೆಯಲಾಗಲಿಲ್ಲ. ಸಣ್ಣೀರ ಆಗಲೇ ಮನೆ ಸೇರಿದ್ದ. ಆ ಮನೆತನದ ಅಪ್ಪಣೆ ಮೊದಲ ಬಾರಿಗೆ ನಿಂತ ಆ ದಿನ ಬಹುಧಾನ್ಯ ಸಂವತ್ಸರದ ಕಾರ್ತಿಕ ಬಹುಳ ತದಿಗೆ, ಬುಧವಾರ.